ಅಡ್ಡಿಯಿಲ್ಲ

ಶಿರಸಿ, ಸಿದ್ದಾಪುರದ ಕಡೆಯವರಾದ ನಾವು ಹೊಗಳುವುದರಲ್ಲಿ ಮಹಾ ಜಿಪುಣರು. ‘ಅದ್ಭುತ’, ‘ಅಮೋಘ’ಗಳೆಲ್ಲ ನಮಗೂ ಗೊತ್ತು, ಬಾಯಿಗೆ ಬರುವುದಿಲ್ಲ, ಅಷ್ಟೆ. ಬೆಳಗಿನವರೆಗೆ ರೆಪ್ಪೆ ಮುಚ್ಚದೆ ಯಕ್ಷಗಾನ ನೋಡಿ ಬಂದವನನ್ನು ಆಟ ಹೇಗಿತ್ತೆಂದು ಕೇಳಿ. ಬಾಯಲ್ಲಿನ ಕವಳವನ್ನು ಆ ದವಡೆಯಿಂದ ಈ ದವಡೆಗೆ ಸರಿಸಿ ‘ಅಡ್ಡಿಯಿಲ್ಲ’ ಎನ್ನುತ್ತಾನೆ. ಅಂದರೆ ಊರಿನಲ್ಲಿ ಇನ್ನು ಹತ್ತು ವರ್ಷ ಆ ಆಟದ್ದೇ ಮಾತು. 2019ರಲ್ಲಿ ಶಿರಸಿ ಅಡಿಕೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಾಗಲೂ ನಮ್ಮ ಚಿಕ್ಕಪ್ಪ ಪತ್ರಿಕೆ ಮಡಚಿಟ್ಟು ಹೇಳಿದ್ದು ಇದೊಂದೇ ಮಾತು.

ನಾನು ಮೈಸೂರಿನ ಹುಡುಗಿಯನ್ನು ಮದುವೆಯಾದ ಮೇಲೆ ಪೇಚಾಟ ಶುರುವಾಯಿತು. ಅವರದು ಧಾರಾಳದ ಬಾಯಿ. ಉಪ್ಪು ಹೆಚ್ಚಾದ ಸಾರಿಗೂ ‘ತುಂಬಾ ಚೆನ್ನಾಗಿದೆ’ ಎನ್ನುತ್ತಾರೆ. ಎರಡನೆಯ ಸಲ ಬಡಿಸಲು ಹೋದರೆ ಮಾತ್ರ ಎಲೆಗೆ ಎರಡೂ ಕೈ ಅಡ್ಡ ಹಿಡಿಯುತ್ತಾರೆ.

ಚಿಕ್ಕಪ್ಪ ಮೊದಲ ಬಾರಿ ಬಂದಾಗ ಆಕೆ ಮೈಸೂರು ಪಾಕಿಗೆ ಕೈಹಾಕಿದಳು. ಕಾದ ತುಪ್ಪವನ್ನು ಸೌಟು ಸೌಟಾಗಿ ಹುಯ್ಯುತ್ತ, ಕಡಲೆಹಿಟ್ಟು ನೊರೆಯುಕ್ಕಿ ಗೂಡುಗೂಡಾಗುವವರೆಗೂ ಬಿಡದೆ ತಿರುವಿದಳು. ಚಿಕ್ಕಪ್ಪ ಒಂದು ತುಂಡು ತಿಂದರು. ಕೇಳದೆಯೇ ಇನ್ನೆರಡು ಎತ್ತಿಕೊಂಡರು. ಬೆರಳಿನ ತುಪ್ಪವನ್ನೂ ಬಿಡದೆ ನೆಕ್ಕಿ, ‘ಅಡ್ಡಿಯಿಲ್ಲ ತಂಗೀ’ ಎಂದರು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಒಮ್ಮೆಲೇ ಜೋರಾಯಿತು.

ಅದು ನೂರಕ್ಕೆ ತೊಂಬತ್ತೈದು ಅಂಕವೆಂದು ರಾತ್ರಿಯೆಲ್ಲ ವಿವರಿಸಿದೆ.

‘ಹಾಗಾದರೆ ಕೆಟ್ಟಿದ್ದರೆ ಏನೆನ್ನುತ್ತಾರೆ?’

ಆಗಲೂ ಅಡ್ಡಿಯಿಲ್ಲವೇ! ಆದರೆ ಬಾಲವೊಂದು ಬರುತ್ತದೆ. ‘ಅಡ್ಡಿಯಿಲ್ಲ, ತಿನ್ನಬಹುದು’ ಎಂದರೆ ಆ ತಿಂಡಿ ಕೊಟ್ಟಿಗೆಯ ದನಕ್ಕೆ. ಹುಡುಗ ‘ಅಡ್ಡಿಯಿಲ್ಲ’ ಎಂದರೆ ಮುಹೂರ್ತ ಇಡಿಸಬಹುದು. ‘ಅಡ್ಡಿಯಿಲ್ಲ, ನೋಡುವ’ ಎಂದರೆ ಜಾತಕ ವಾಪಸು. ನನ್ನ ಹೆಂಡತಿ ಇದನ್ನೆಲ್ಲ ಕೇಳಿ, ನಿಮ್ಮೂರಿನಲ್ಲಿ ಬಾಯಿಗೂ ಬೀಗ ಹಾಕುತ್ತಾರೇನೋ ಎಂದು ಮಗ್ಗುಲು ಬದಲಿಸಿದಳು.

ದಸರೆಗೆ ಮಾವನವರು ಚಿಕ್ಕಪ್ಪನನ್ನು ಮೈಸೂರಿಗೆ ಕರೆಸಿಕೊಂಡರು. ಸಂಜೆ ಅರಮನೆಯ ಎದುರು ನಿಲ್ಲಿಸಿದರು. ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೇ ಹೊತ್ತಿಕೊಂಡವು. ಜನ ‘ಹೋ’ ಎಂದರು. ಮಾವನವರು ಸ್ವಂತ ಮನೆಯನ್ನೇ ತೋರಿಸುವವರಂತೆ ಎದೆಯುಬ್ಬಿಸಿ, ‘ಹೇಗಿದೆ?’ ಎಂದರು. ನಾನು ಬೇಡಿಕೊಂಡ ದೇವರು ಒಬ್ಬಿಬ್ಬರಲ್ಲ. ಚಿಕ್ಕಪ್ಪ ಗೋಪುರದಿಂದ ಗೋಪುರಕ್ಕೆ ಕಣ್ಣಾಡಿಸಿದರು, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು.

‘ಅಡ್ಡಿಯಿಲ್ಲ’ ಎಂದರು. ಮಾವನವರ ಮುಖ ನೋಡಿ ಏನನ್ನಿಸಿತೋ, ಸಮಾಧಾನಕ್ಕೆಂದು ಸೇರಿಸಿದರು: ‘ಕರೆಂಟ್ ಬಿಲ್ ಮಾತ್ರ ಬಹಳ ಬರುತ್ತದೆ, ಅಲ್ಲವೇ?’