ಆ ಸಣ್ಣ ಅಂತರವನ್ನು ಅಳೆದ ಬಗೆ

ಹೈಡ್ರೋಜನ್‌ನ ಲ್ಯಾಂಬ್ ಶಿಫ್ಟ್ (ಒಂದೇ ಇರಬೇಕಿದ್ದ ಎರಡು ಶಕ್ತಿಮಟ್ಟಗಳ ನಡುವಿನ ಸಣ್ಣ ಅಂತರ) ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಅದನ್ನು ಅಳೆದ ಬಗೆಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ತುಂಬಾ ಇಷ್ಟವಾದ ಭಾಗ ಅದು, ಹಾಗಾಗಿ ಸ್ವಲ್ಪ ಸೇರಿಸುತ್ತೇನೆ.

ಪರಮಾಣುವಿನ ಎಲೆಕ್ಟ್ರಾನ್ ಇರಬಹುದಾದ ಶಕ್ತಿಮಟ್ಟಗಳಿಗೆ 2ಎಸ್, 2ಪಿ ಎಂಬಂಥ ಹೆಸರುಗಳಿವೆ. ಭೌತವಿಜ್ಞಾನಿ ಡಿರಾಕ್ ಅವರ ಲೆಕ್ಕದಲ್ಲಿ 2ಎಸ್ ಮಟ್ಟಕ್ಕೂ ಅದರ ಜೊತೆಯ 2ಪಿ ಮಟ್ಟಕ್ಕೂ ಶಕ್ತಿ ಒಂದೇ ಇರಬೇಕಿತ್ತು. 1947ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಲ್ಯಾಂಬ್ ಮತ್ತು ರೆದರ್‌ಫೋರ್ಡ್ (ನ್ಯೂಕ್ಲಿಯಸ್ ಕಂಡುಹಿಡಿದ ರುದರ್‌ಫೋರ್ಡ್ ಬೇರೆಯವರು) ಅದನ್ನು ಪರೀಕ್ಷಿಸಿದರು. 2ಪಿಗೆ ಹೋದ ಪರಮಾಣು 1.6 ನ್ಯಾನೊಸೆಕೆಂಡಿನಲ್ಲೇ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ ಒಂದು ನ್ಯಾನೊಸೆಕೆಂಡ್) ಅತಿ ಕೆಳಗಿನ ಮಟ್ಟಕ್ಕೆ ಇಳಿದುಬಿಡುತ್ತದೆ. 2ಎಸ್‌ನಲ್ಲಿರುವುದು ಮಾತ್ರ, ಯಾರೂ ಅಲುಗಾಡಿಸದಿದ್ದರೆ, ಸೆಕೆಂಡಿನ ಸುಮಾರು ಎಂಟನೇ ಒಂದು ಭಾಗದಷ್ಟು ಹೊತ್ತು ಹಾಗೇ ಇರುತ್ತದೆ. ಈ ವ್ಯತ್ಯಾಸವನ್ನೇ ಅವರು ಹಿಡಿದುಕೊಂಡರು. 2ಎಸ್ ಪರಮಾಣುಗಳು ಟಂಗ್‌ಸ್ಟನ್ ತಗಡಿಗೆ ಬಡಿದರೆ ಎಲೆಕ್ಟ್ರಾನ್ ಹೊರಬಂದು ಕರೆಂಟ್ ಕಾಣಿಸುತ್ತದೆ. ದಾರಿಯಲ್ಲಿ ಮೈಕ್ರೋವೇವ್ ಹಾಯಿಸಿದಾಗ, ಆವರ್ತನ ಸರಿಹೊಂದಿದರೆ ಅವು 2ಪಿಗೆ ಜಾರಿ ತಗಡು ಮುಟ್ಟುವ ಮೊದಲೇ ಇಳಿದುಬಿಡುತ್ತವೆ. ಕರೆಂಟ್ ಕುಸಿಯುತ್ತದೆ. ಎಷ್ಟು ಚೆಂದದ ಉಪಾಯ ಅಲ್ವಾ! ಆ ಆವರ್ತನವೇ ಎರಡು ಮಟ್ಟಗಳ ಅಂತರದ ಅಳತೆ; ಸಿಕ್ಕ ಅಂತರ ಸುಮಾರು 1000 ಮೆಗಾಹರ್ಟ್ಸ್. ಈಗಿನ ಬೆಲೆ ಸುಮಾರು 1057.8.

ಅದೇ ವರ್ಷ ಭೌತವಿಜ್ಞಾನಿ ಬೆಥೆ ರೈಲಿನಲ್ಲಿ ಕೂತು ಈ ಅಂತರವನ್ನು ಲೆಕ್ಕ ಹಾಕಿ 1040 ಮೆಗಾಹರ್ಟ್ಸ್ ಹತ್ತಿರ ಬಂದರು. 2010ರಲ್ಲಿ ಎಲೆಕ್ಟ್ರಾನ್ ಬದಲು ಮ್ಯುಆನ್ (ಅದರಂಥದ್ದೇ, ಆದರೆ ಹೆಚ್ಚು ಭಾರದ ಕಣ) ಇರುವ ಹೈಡ್ರೋಜನ್‌ನಲ್ಲಿ ಇದೇ ಶಿಫ್ಟ್ ಅಳೆದಾಗ, ಪ್ರೋಟಾನ್ ತ್ರಿಜ್ಯ ಮೊದಲು ಅಂದುಕೊಂಡಿದ್ದ 0.88 ಅಲ್ಲ, 0.84 ಫೆಮ್ಟೊಮೀಟರ್ ಎಂದು ಬಂತು. ದಯವಿಟ್ಟು ಮುಂದಿನ ಲೇಖನದಲ್ಲಿ ಈ ಪ್ರೋಟಾನ್ ತ್ರಿಜ್ಯದ ವಿಷಯವನ್ನು ವಿವರವಾಗಿ ಬರೆಯಿರಿ.