ಪಿಕಪ್ ಕೊಳ್ಳುವ ಮುನ್ನ ಅದು ಹೊತ್ತ ಭಾರವನ್ನು ಕೇಳಿ

ನಮ್ಮ ಚಿಕ್ಕಪ್ಪನ ಮಗ ಒಂದು ತಿಂಗಳಿಂದ ಪಿಕಪ್ ಗಾಡಿ ಹುಡುಕುತ್ತಿದ್ದಾನೆ. ಶ್ರೀನಿವಾಸಪುರದ ಬಳಿ ಅವನಿಗೆ ಮೂರು ಎಕರೆ ಮಾವು, ಎರಡು ಎಕರೆ ಟೊಮೆಟೊ ಇದೆ. ಇಷ್ಟು ದಿನ ಬಾಡಿಗೆ ಗಾಡಿಯನ್ನು ನಂಬಿಕೊಂಡಿದ್ದವನು, ಕೊಯ್ಲಿನ ದಿನ ಗಾಡಿ ಸಿಗದೆ ಎರಡು ಸಲ ಹಣ್ಣು ತೋಟದಲ್ಲೇ ಉಳಿದ ಮೇಲೆ ಸ್ವಂತ ಗಾಡಿಯೇ ಬೇಕೆಂದು ತೀರ್ಮಾನಿಸಿದ್ದಾನೆ. "ಅಣ್ಣಾ, ಹೊಸದಕ್ಕೇ ಹೋಗಲಾ, ಸೆಕೆಂಡ್ ಹ್ಯಾಂಡ್ ಸಾಕಾ?" ಎಂದು ಅವನು ಕೇಳಿದಾಗ ನನಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲಾಗಲಿಲ್ಲ. ಇದೇ ಪ್ರಶ್ನೆಯನ್ನು ಇನ್ನೂ ಹಲವರು ಕೇಳಿರುವುದರಿಂದ, ನಾನು ಅವನಿಗೆ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಎಲ್ಲರೂ ಹೊಸದೋ ಹಳೆಯದೋ ಎಂಬಲ್ಲಿಂದಲೇ ಮಾತು ಶುರು ಮಾಡುತ್ತಾರೆ. ನನ್ನ ಅನುಭವದಲ್ಲಿ ಅದಕ್ಕೂ ಮೊದಲು ಎರಡು ಲೆಕ್ಕಗಳು ಆಗಬೇಕು. ಒಂದು ಟ್ರಿಪ್ಪಿಗೆ ಎಷ್ಟು ತೂಕ ಹೋಗುತ್ತದೆ, ವರ್ಷದಲ್ಲಿ ಎಷ್ಟು ದಿನ ಹೋಗುತ್ತದೆ ಎಂಬ ಈ ಎರಡನ್ನು ಕಾಗದದ ಮೇಲೆ ಬರೆದುಕೊಳ್ಳದೆ ಶೋರೂಮಿಗೂ ಹೋಗಬಾರದು, ಬ್ರೋಕರ್ ಹತ್ತಿರವೂ ಹೋಗಬಾರದು.

ತೂಕದ ಲೆಕ್ಕವನ್ನೇ ಮೊದಲು ನೋಡೋಣ. ಕೋಲಾರದ ಮಂಡಿಗೆ ಹೋಗುವ ಟೊಮೆಟೊ ಬಾಕ್ಸಿನಲ್ಲಿ 15 ಕೆಜಿ ಹಣ್ಣು ಇರುತ್ತದೆ. ಪ್ಲಾಸ್ಟಿಕ್ ಕ್ರೇಟಿನ ತೂಕವೂ ಸೇರಿದರೆ ಒಂದು ಬಾಕ್ಸಿಗೆ ಸುಮಾರು 17 ಕೆಜಿ ಎಂದುಕೊಳ್ಳಬಹುದು. 1.3 ಟನ್ ಹೊರುವ ಗಾಡಿಗೆ ಇಂಥ 76 ಬಾಕ್ಸ್, 1.7 ಟನ್ನಿನ ಗಾಡಿಗೆ 100 ಬಾಕ್ಸ್ ಮಿತಿ. ಆದರೆ ಕೊಯ್ಲಿನ ಕಾಲದಲ್ಲಿ 1.3 ಟನ್ನಿನ ಗಾಡಿಗೇ 120 ಬಾಕ್ಸ್ ಏರಿಸಿ, ಹಗ್ಗ ಬಿಗಿದು, ಹೊತ್ತು ಮೂಡುವ ಮೊದಲೇ ಹೊರಡುವುದು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ. 120 ಬಾಕ್ಸ್ ಎಂದರೆ 2,040 ಕೆಜಿ. ಅಂದರೆ ಮಿತಿಗಿಂತ 740 ಕೆಜಿ ಹೆಚ್ಚು. ಗಾಡಿ ಎಳೆಯುತ್ತದೆ ನಿಜ. ಆದರೆ ಆ ಹೆಚ್ಚುವರಿ ಭಾರವನ್ನು ಎಂಜಿನ್ ಒಂದೇ ಹೊರುವುದಿಲ್ಲ. ಚಾಸಿ ಎಂಬ ಗಾಡಿಯ ತಳದ ಉಕ್ಕಿನ ಚೌಕಟ್ಟು, ಹಿಂದಿನ ಚಕ್ರಗಳ ಮೇಲೆ ಭಾರ ತಡೆಯುವ ಕಮಾನು ಪ್ಲೇಟುಗಳು, ಬೇರಿಂಗ್, ಬ್ರೇಕ್ ಎಲ್ಲವೂ ಹೊರುತ್ತವೆ. ಪ್ರತಿ ಟ್ರಿಪ್ಪಿಗೂ ಅವುಗಳ ಆಯಸ್ಸು ಸ್ವಲ್ಪ ಸ್ವಲ್ಪವೇ ಸವೆಯುತ್ತದೆ, ಮೀಟರಿನಲ್ಲಿ ಮಾತ್ರ ಅದು ಕಾಣುವುದಿಲ್ಲ.

ಹಳೆಯ ಗಾಡಿ ಕೊಳ್ಳುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮುಖ್ಯ ಸಂಗತಿ ಇದೇ ಎಂದು ನಾನು ನಂಬಿದ್ದೇನೆ. ಕಾರಿಗೆ ಓಡಿದ ಕಿಲೋಮೀಟರ್ ಹೇಗೋ, ಪಿಕಪ್ಪಿಗೆ ಹೊತ್ತ ಭಾರ ಹಾಗೆ. ಬೆಂಗಳೂರಿನಲ್ಲಿ ಬ್ರೆಡ್ಡು, ಬಿಸ್ಕತ್ತು ಹಂಚುತ್ತಾ ಎರಡು ಲಕ್ಷ ಕಿಲೋಮೀಟರ್ ಓಡಿದ ಗಾಡಿ, ಕ್ವಾರಿಯಿಂದ ಸೈಜುಗಲ್ಲು ಹೊತ್ತು ಅರವತ್ತು ಸಾವಿರ ಓಡಿದ ಗಾಡಿಗಿಂತ ಎಷ್ಟೋ ಗಟ್ಟಿಯಾಗಿರಬಹುದು.

ಈ ಪಾಠ ನಮ್ಮ ಮನೆಗೆ ಪುಕ್ಕಟೆಯಾಗಿ ಸಿಕ್ಕಿದ್ದಲ್ಲ. ಕೆಲವು ವರ್ಷಗಳ ಹಿಂದೆ ನಾವು ಒಬ್ಬ ಬ್ರೋಕರ್ ಮೂಲಕ ನಾಲ್ಕು ವರ್ಷ ಹಳೆಯ ಪಿಕಪ್ ಕೊಂಡೆವು. ಮೀಟರ್ 71 ಸಾವಿರ ತೋರಿಸುತ್ತಿತ್ತು, ಬಣ್ಣ ಹೊಳೆಯುತ್ತಿತ್ತು, ಎಂಜಿನ್ ಮೊದಲ ಸಲ ಕೀ ತಿರುಗಿಸಿದಾಗಲೇ ಸ್ಟಾರ್ಟ್ ಆಗುತ್ತಿತ್ತು. ತರಕಾರಿ ಬಿಟ್ಟರೆ ಬೇರೇನೂ ಹಾಕಿಲ್ಲ ಎಂದು ಆತ ಹೇಳಿದ್ದನ್ನು ನಾವು ನಂಬಿದೆವು. ಎರಡನೆಯ ಮಳೆಗಾಲದಲ್ಲಿ ಒಂದು ಸಂಜೆ 85 ಬಾಕ್ಸ್ ಹೇರಿಕೊಂಡು ಕೋಲಾರದತ್ತ ಹೋಗುತ್ತಿದ್ದಾಗ, ಒಂದು ಗುಂಡಿಗೆ ಹಿಂದಿನ ಚಕ್ರ ಇಳಿದ ಕೂಡಲೇ ಕೆಳಗಿನಿಂದ ಕಬ್ಬಿಣ ಸೀಳಿದಂಥ ಸದ್ದು ಬಂತು. ಇಳಿದು ನೋಡಿದರೆ ಕ್ಯಾಬಿನ್ನಿಗೂ ಹಿಂದಿನ ಬಾಡಿಗೂ ನಡುವೆ ಇರುವ ಸಂದು ಮೇಲ್ಗಡೆ ಎರಡು ಬೆರಳು ಅಗಲವಾಗಿತ್ತು, ಕೆಳಗಡೆ ಒಂದಕ್ಕೊಂದು ಅಂಟಿಕೊಂಡಿತ್ತು. ಚಾಸಿ ಸೀಳಿತ್ತು. ಮಳೆಯಲ್ಲೇ ಬಾಕ್ಸುಗಳನ್ನು ಇನ್ನೊಂದು ಗಾಡಿಗೆ ದಾಟಿಸಿ ಮಂಡಿ ತಲುಪುವಷ್ಟರಲ್ಲಿ ಹರಾಜು ಮುಗಿದಿತ್ತು. ಮರುದಿನ ಗ್ಯಾರೇಜಿನ ಮೇಸ್ತ್ರಿ ಸ್ಕ್ರೂಡ್ರೈವರ್ ತುದಿಯಿಂದ ಚಾಸಿಯ ಕಪ್ಪು ಬಣ್ಣವನ್ನು ಕೆರೆದು ತೋರಿಸಿದರು. ಬಣ್ಣ ಮೇಣದ ಹಾಗೆ ಸುರುಳಿಯಾಗಿ ಎದ್ದು ಬಂತು; ಅದರ ಅಡಿಯಲ್ಲಿ ಗೇಣುದ್ದದ ಹಳೆಯ ವೆಲ್ಡಿಂಗ್ ಇತ್ತು. "ಇದು ಕಲ್ಲು ಹೊತ್ತ ಗಾಡಿ ಸ್ವಾಮಿ" ಎಂದರು.

ಅಂದಿನಿಂದ ನಾನು ಹಳೆಯ ಪಿಕಪ್ ನೋಡುವಾಗ ಎಂಜಿನ್ನಿನಿಂದ ಶುರು ಮಾಡುವುದೇ ಇಲ್ಲ. ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ ಮೊದಲು ಚಾಸಿ ನೋಡುತ್ತೇನೆ. ಕ್ಯಾಬಿನ್ನಿನ ಹಿಂದಿನ ಜಾಗ, ಕಮಾನು ಪ್ಲೇಟಿನ ಬ್ರಾಕೆಟ್ ಕೂರುವ ಜಾಗ, ಇವೆರಡರಲ್ಲಿ ಹೊಸ ಬಣ್ಣ ಕಂಡರೆ ಅನುಮಾನಿಸಬೇಕು. ಐದು ವರ್ಷ ಓಡಿದ ಗಾಡಿಯ ಅಡಿಭಾಗ ಮಣ್ಣು, ಎಣ್ಣೆ ಜಿಡ್ಡಿನಿಂದ ಮಾಸಿರುವುದೇ ಸಹಜ. ಆಮೇಲೆ ಪ್ಲೇಟುಗಳನ್ನು ಎಣಿಸಬೇಕು. ಕಂಪನಿ ಕೊಟ್ಟದ್ದಕ್ಕಿಂತ ಒಂದೆರಡು ಹೆಚ್ಚು ಸೇರಿಸಿದ್ದರೆ ಗಾಡಿಯ ಹಿಂದಿನ ಬದುಕು ಏನೆಂದು ಅದೇ ಹೇಳುತ್ತದೆ. ಖಾಲಿ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಹತ್ತು ಹೆಜ್ಜೆ ಹಿಂದೆ ಬಂದು ನೋಡಿದರೆ, ಒಂದು ಕಡೆಗೆ ವಾಲಿದ್ದು ಬರಿಗಣ್ಣಿಗೇ ತಿಳಿಯುತ್ತದೆ. ಬಾಡಿಯ ತಳದ ಶೀಟಿನಲ್ಲಿ ಬಾಕ್ಸು ಜಾರಿದ ಉದ್ದ ಗೀರುಗಳಿದ್ದರೆ ಸರಿ, ಕಲ್ಲು ಬಿದ್ದ ತಗ್ಗುಗಳಿದ್ದರೆ ಬೇಡ.

ಎಂಜಿನ್ ಬಿಸಿಯಾಗುವ ಮುನ್ನ ಮತ್ತು ಬಿಸಿಯಾದ ಮೇಲೆ ಎರಡೂ ಸಲ ಸ್ಟಾರ್ಟ್ ಮಾಡಿ ನೋಡಬೇಕು. ಎಂಜಿನ್ ಓಡುತ್ತಿರುವಾಗ ಆಯಿಲ್ ಕ್ಯಾಪ್ ತೆಗೆದರೆ ಹೊಗೆ ಒತ್ತಡದಿಂದ ಪುಸುಪುಸನೆ ಬರುತ್ತಿದ್ದರೆ ಪಿಸ್ಟನ್ ರಿಂಗು ಸವೆದಿದೆ ಎಂದು ತಿಳಿಯಬೇಕು. ಇದನ್ನೇ ನಮ್ಮ ಮೇಸ್ತ್ರಿಗಳು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಅರವತ್ತರ ವೇಗದಲ್ಲಿ ಹಿಂದಿನಿಂದ ಕೊರೆಯುವಂಥ ಸದ್ದು ಬಂದರೆ ಹಿಂದಿನ ಚಕ್ರಗಳನ್ನು ತಿರುಗಿಸುವ ಗೇರಿನ, ಅಂದರೆ ಕ್ರೌನ್ ಪಿನಿಯನ್ನಿನ ಖರ್ಚು ಕಾದಿದೆ.

ಎಂಜಿನ್ ವಿಚಾರದಲ್ಲಿ ಇನ್ನೊಂದು ಗಡಿ ಇದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್ 6 ಎಂಬ ಹೊಗೆ ಮಾಲಿನ್ಯದ ಕಟ್ಟುನಿಟ್ಟಿನ ಮಾನದಂಡಕ್ಕೆ ಒಪ್ಪುವ ಗಾಡಿಗಳಷ್ಟೇ ಹೊಸದಾಗಿ ಮಾರಾಟವಾಗುತ್ತಿವೆ. ಅದಕ್ಕಿಂತ ಹಿಂದಿನ ಬಿಎಸ್ 4 ಪಿಕಪ್ಪನ್ನು ಹೋಬಳಿಯ ಗ್ಯಾರೇಜಿನಲ್ಲೂ ರಿಪೇರಿ ಮಾಡಿಸಬಹುದು. ಬಿಎಸ್ 6 ಡೀಸೆಲ್ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಹಲವು ಸೆನ್ಸರ್‌ಗಳಿರುತ್ತವೆ. ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸಿ ನಿಲ್ಲಿಸುವವರಿಗೆ ಆ ಮಸಿ ಸುಟ್ಟುಹೋಗುವಷ್ಟು ಬಿಸಿಯೇ ಆಗದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನಮ್ಮ ಹುಡುಗ ಒಂದು ಸಲ ಹೊರಟರೆ ಕೋಲಾರಕ್ಕೋ ಚಿಂತಾಮಣಿಗೋ ಹೋಗಿಬರುವುದರಿಂದ ಅವನಿಗೆ ಆ ತೊಂದರೆ ಇಲ್ಲ. ತೋಟದಿಂದ ಊರಿನ ಶೆಡ್ಡಿಗಷ್ಟೇ ಗಾಡಿ ಬೇಕೆನ್ನುವವರು ಇದನ್ನು ಯೋಚಿಸಲೇಬೇಕು.

ಇನ್ನು ಹಣದ ಮಾತು. ಹಳೆಯ ಗಾಡಿ ಅಗ್ಗ ಎಂಬ ನಂಬಿಕೆ ಸಾಲ ಮಾಡಿ ಕೊಳ್ಳುವವರ ಪಾಲಿಗೆ ಅರ್ಧ ಮಾತ್ರ ನಿಜ. ಹೊಸ ಗಾಡಿಗೆ 8 ಲಕ್ಷ ಸಾಲವನ್ನು ಶೇ 10ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 17,000 ರೂಪಾಯಿ. ಹಳೆಯ ಗಾಡಿಗೆ ಫೈನಾನ್ಸಿನವರು ಬಡ್ಡಿಯನ್ನೂ ಹೆಚ್ಚು ಹಾಕುತ್ತಾರೆ, ಅವಧಿಯನ್ನೂ ಕಡಿಮೆ ಕೊಡುತ್ತಾರೆ. 5 ಲಕ್ಷವನ್ನು ಶೇ 14ರಲ್ಲಿ ಮೂರು ವರ್ಷಕ್ಕೆ ಪಡೆದರೂ ಕಂತು ಹೆಚ್ಚುಕಡಿಮೆ ಅದೇ 17,000. ಒಟ್ಟು ಕಟ್ಟುವ ಹಣ ಕಡಿಮೆಯಾದರೂ ತಿಂಗಳ ಕುತ್ತಿಗೆ ಹಿಡಿತ ಒಂದೇ. ಆದ್ದರಿಂದ ಪೂರ್ತಿ ಸಾಲದ ಮೇಲೆಯೇ ಕೊಳ್ಳುವುದಾದರೆ ಹಳೆಯ ಗಾಡಿಗೆ ಕೈ ಹಾಕಬೇಡಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಕಂತಿನ ಜೊತೆಗೆ ರಿಪೇರಿಯೂ ಬಂದರೆ ಸಣ್ಣ ರೈತ ತಡೆದುಕೊಳ್ಳಲಾರ.

ಇಲ್ಲಿಯೇ ದಿನಗಳ ಲೆಕ್ಕ ಬೇಕಾಗುತ್ತದೆ. ನಮ್ಮ ಹುಡುಗನ ಟೊಮೆಟೊ, ಮಾವು ಎರಡೂ ಸೇರಿ ವರ್ಷಕ್ಕೆ 65 ಟ್ರಿಪ್ ಆಗುತ್ತವೆ. ಈಗ ಟ್ರಿಪ್ಪಿಗೆ 1,500 ರೂಪಾಯಿಯಂತೆ ಒಂದು ಲಕ್ಷದ ಹತ್ತಿರ ಬಾಡಿಗೆ ಕೊಡುತ್ತಿದ್ದಾನೆ. ಹೊಸ ಗಾಡಿಯ ಕಂತೇ ವರ್ಷಕ್ಕೆ 2,04,000 ಆಗುತ್ತದೆ. ಅದರ ಮೇಲೆ ಡೀಸೆಲ್, ಟೈರು, ವಿಮೆ ಬೇರೆ. ವಿಮೆಯಲ್ಲಿ ಹಳೆಯ ಗಾಡಿಗೆ ಕಡಿಮೆಯಾಗುತ್ತದೆ ಎಂದು ಪೂರ್ತಿ ನಂಬಬಾರದು. 7,500 ಕೆಜಿ ಒಳಗಿನ ಬಾಡಿಗೆ ಸರಕು ವಾಹನದ ಥರ್ಡ್ ಪಾರ್ಟಿ ವಿಮೆಯ (ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಯ ವಿಮೆ) ವರ್ಷದ ಕಂತು 2022ರಲ್ಲಿ ನಿಗದಿಯಾದಂತೆ 16,049 ರೂಪಾಯಿ, ಗಾಡಿ ಹೊಸದಿರಲಿ ಹಳೆಯದಿರಲಿ. ವರ್ಷದ ಉಳಿದ ಮುನ್ನೂರು ದಿನಗಳಲ್ಲಿ ಬೇರೆಯವರ ಬಾಡಿಗೆ ಹೊಡೆಯುವ ಮನಸ್ಸು, ಬಿಡುವು ಎರಡೂ ಇದ್ದರಷ್ಟೇ ಹೊಸ ಗಾಡಿ ತನ್ನ ಕಂತನ್ನು ತಾನೇ ದುಡಿದುಕೊಳ್ಳುತ್ತದೆ. ಅಂಥವರು ಖಂಡಿತ ಹೊಸದನ್ನೇ ಕೊಳ್ಳಲಿ. ದಿನವೂ ದುಡಿಯುವ ಗಾಡಿ ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ಬಾಡಿಗೆಯ ಜೊತೆಗೆ ಗಿರಾಕಿಯೂ ಕೈ ತಪ್ಪುತ್ತಾನೆ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚಿನ ಬೆಲೆ 8 ಲಕ್ಷವಿದ್ದರೆ ಅದರಲ್ಲೇ 80,000 ರೂಪಾಯಿ ವ್ಯತ್ಯಾಸ. ಹೊಸದರ ಬೆಲೆ ಇಳಿದ ಮೇಲೆ ಹಳೆಯದರ ಬೆಲೆಯೂ ಇಳಿಯಬೇಕು. ಇಳಿಕೆಗೆ ಮುಂಚಿನ ದರವನ್ನೇ ಹೇಳುವ ಮಾರಾಟಗಾರನಿಗೆ ಈ ಲೆಕ್ಕವನ್ನು ಮುಂದಿಟ್ಟು ಚೌಕಾಸಿ ಮಾಡಬೇಕು.

ಯಾವ ಗಾಡಿ ಎಂದು ಕೇಳಿದರೆ, ನಮ್ಮ ಅಪ್ಪನ ಕಾಲದಲ್ಲಿ ಟಾಟಾ 207 ಎಂದರೆ ಮುಗಿಯಿತು, ಈಗ ಮಹೀಂದ್ರಾ ಬೊಲೆರೊ ಎಂದರೆ ಮುಗಿಯಿತು. ಬೊಲೆರೊಗೆ ಹಳ್ಳಿಹಳ್ಳಿಯಲ್ಲೂ ಮೇಸ್ತ್ರಿ ಇದ್ದಾನೆ, ಸ್ಪೇರ್ ಸಿಗುತ್ತದೆ, ಮಾರುವಾಗ ಬೆಲೆ ನಿಲ್ಲುತ್ತದೆ. ಅದೇ ಕಾರಣಕ್ಕೆ ಹಳೆಯದು ಅಗ್ಗಕ್ಕೂ ಸಿಗುವುದಿಲ್ಲ. ಟಾಟಾ ಯೋಧಾದ 2.2 ಲೀಟರ್ ಎಂಜಿನ್ನಿಗೆ ದಮ್ಮು ಹೆಚ್ಚು, 2022ರಲ್ಲಿ ಬಂದ ಯೋಧಾ 2.0 ಎರಡು ಟನ್ ಹೊರುತ್ತದೆ. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಚಿಕ್ಕ ಎಂಜಿನ್ನಿನದು, ಸಪಾಟು ರಸ್ತೆಯ ಓಡಾಟಕ್ಕೆ ಸಾಕು. ಇಸುಜು ವಿ-ಕ್ರಾಸ್, ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈಲಕ್ಸ್ ಒಳ್ಳೆಯ ಗಾಡಿಗಳೇ, ಆದರೆ ಅವು ಕುಟುಂಬದ ಓಡಾಟಕ್ಕೆ. ಟೊಮೆಟೊ ಲೋಡಿಗೆ ಅವು ಲೆಕ್ಕಕ್ಕೆ ಬರುವುದಿಲ್ಲ. ಹೆಸರಿಗಿಂತ ಆರ್‌ಸಿ ನೋಡುವುದು ಮುಖ್ಯ. ಅದರಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕವನ್ನು ಕಳೆದರೆ ಸಿಗುವುದೇ ಕಾನೂನು ಒಪ್ಪುವ ಲೋಡು. ಒಟ್ಟು ತೂಕ 3,000 ಕೆಜಿ ಮೀರದಿದ್ದರೆ ಪರ್ಮಿಟ್ ಬೇಕಿಲ್ಲ, ಮೀರಿದರೆ ಬೇಕು. ಚಿಕ್ಕದನ್ನು ಕೊಂಡು ಹೆಚ್ಚು ಹೇರುತ್ತೇನೆ ಎನ್ನುವವರಿಗೆ 2019ರ ತಿದ್ದುಪಡಿಯ ಪ್ರಕಾರ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ಹಳೆಯ ಗಾಡಿಯಲ್ಲಿ ಚಾಸಿಯಷ್ಟೇ ಮುಖ್ಯವಾದದ್ದು ದಾಖಲೆ. ಹಿಂದಿನ ಸಾಲ ತೀರಿದ ಎನ್‌ಒಸಿ ಮತ್ತು ಆರ್‌ಸಿಯಿಂದ ಆ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಆಗುವ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ತಪಾಸಣೆ ಪತ್ರ) ಆಮೇಲೆ ಪ್ರತಿ ವರ್ಷವೂ ಆಗಬೇಕಾಗುತ್ತದೆ, ಆದ್ದರಿಂದ ಏಳು ವರ್ಷದ ಗಾಡಿ ಕೊಳ್ಳುವಾಗ ಆ ಖರ್ಚನ್ನೂ ಎಣಿಸಬೇಕು. ಮಾರುವವರಿಗೂ ಒಂದು ಮಾತು: ಆರ್‌ಸಿ ವರ್ಗಾವಣೆ ಮಾಡಿಸದೆ ಬರೀ ಸ್ಟಾಂಪ್ ಪೇಪರಿನ ಮೇಲೆ ಗಾಡಿ ಕೊಟ್ಟರೆ, ನಾಳೆ ಅಪಘಾತವಾದಾಗ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೂಲಿಯವರನ್ನು ಹಿಂದಿನ ಬಾಡಿಯಲ್ಲಿ ನಿಲ್ಲಿಸಿಕೊಂಡು ಹೋಗುವುದನ್ನು ದಯವಿಟ್ಟು ಬಿಡಿ. ಸರಕು ಗಾಡಿಯ ವಿಮೆ ಅವರಿಗೆ ರಕ್ಷಣೆ ಕೊಡುವುದಿಲ್ಲ, ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಬೆಳಗಿನ ಜಾವ ಹೀಗೆ ಹೋಗುವ ಹೆಣ್ಣುಮಕ್ಕಳನ್ನು ನೋಡಿದಾಗಲೆಲ್ಲ ನನಗೆ ಜೀವ ಹಿಂಡಿದಂತಾಗುತ್ತದೆ. ಆಳುಗಳನ್ನು ಕರೆತರುವುದು ದಿನದ ಕೆಲಸವಾಗಿದ್ದರೆ ಎರಡು ಸಾಲು ಸೀಟಿರುವ ಬೊಲೆರೊ ಕ್ಯಾಂಪರ್‌ನಂಥದ್ದನ್ನು ಕೊಳ್ಳಿ, ಇಲ್ಲವೇ ಅವರಿಗೆ ಆಟೋ ಮಾಡಿಕೊಡಿ.

ನಮ್ಮ ಹುಡುಗನ ಕೈಯಲ್ಲಿ ಮೂರೂವರೆ ಲಕ್ಷ ಇದೆ. ಬೇರೆಯವರ ಬಾಡಿಗೆ ಹೊಡೆಯಲು ಅವನಿಗೆ ತೋಟ ಬಿಡುವು ಕೊಡುವುದಿಲ್ಲ. ಹಾಗಾಗಿ ಎರಡು ಲಕ್ಷ ಸಾಲ ಮಾಡಿ, ಐದೂವರೆ ಲಕ್ಷದೊಳಗೆ 1.7 ಟನ್ನಿನ ಬಿಎಸ್ 6 ಪಿಕಪ್ ನೋಡೋಣ ಎಂದು ಹೇಳಿದ್ದೇನೆ. ಶೇ 14ರ ಬಡ್ಡಿಯಾದರೂ ಎರಡು ವರ್ಷ ತಿಂಗಳಿಗೆ 9,600 ಕಟ್ಟಿದರೆ ಮುಗಿಯುತ್ತದೆ. ಮೊದಲು ನೋಡಿದ ಎರಡು ಗಾಡಿಗಳನ್ನು ಅಡಿಯ ಹೊಸ ಬಣ್ಣ ನೋಡಿಯೇ ಬಿಟ್ಟೆವು. ಮೂರನೆಯದು ಹೊಸಕೋಟೆಯ ಒಬ್ಬ ಹಾಲಿನ ವ್ಯಾಪಾರಿಯದು. ಚಾಸಿಯಲ್ಲಿ ಕಂಪನಿಯ ಬಣ್ಣವೇ ಮಾಸಿಕೊಂಡು ಉಳಿದಿದೆ, ಪ್ಲೇಟುಗಳು ಬಂದಾಗ ಇದ್ದಷ್ಟೇ ಇವೆ. ಅಡ್ವಾನ್ಸ್ ಕೊಡುವ ಮುನ್ನ ನಮ್ಮ ತೋಟದಿಂದ ನೂರು ಬಾಕ್ಸ್ ಹೇರಿ ಮಂಡಿಯವರೆಗೆ ಓಡಿಸಿ ನೋಡುತ್ತೇವೆ ಎಂದು ಕೇಳಿದೆವು. ಅವರು ಒಂದು ಕ್ಷಣವೂ ಯೋಚಿಸದೆ, ತಾವೇ ಜೊತೆಗೆ ಬರುವುದಾಗಿ ಹೇಳಿದರು. ಗುರುವಾರ ಕೊಯ್ಲು ಇದೆ, ಅಂದೇ ಹೋಗುತ್ತಿದ್ದೇವೆ.