ಸ್ಪಷ್ಟನೆ: ಸ್ಟ್ರಿಂಗ್ ಟ್ರಯೋ ಎಂದರೆ ಮೂರು ವಯೊಲಿನ್ ಅಲ್ಲ

ಬೆಳಗಾವಿ, ವಿಜಯಪುರದ ಸಂಗೀತಾಸಕ್ತರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: ಹವಾಮಾನ ಬದಲಾವಣೆ ಕುರಿತ ಜಾಜ್-ಕ್ಲಾಸಿಕಲ್ ಆಲ್ಬಮ್‌ಗೆ ಬೇಕಾದ ಸ್ಟ್ರಿಂಗ್ ಟ್ರಯೋಗೆ (ಮೂರು ತಂತಿವಾದ್ಯಗಳ ತಂಡ) ಮೂರು ವಯೊಲಿನ್ ಸಾಕು, ತಾಪಮಾನದ ಅಂಕಿ ತುಂಬಿದರೆ ಕಂಪ್ಯೂಟರೇ ರಾಗ ಕಟ್ಟುತ್ತದೆ ಎಂದು. ಎರಡೂ ತಪ್ಪು.

ಟ್ರಯೋದಲ್ಲಿ ಸಾಮಾನ್ಯವಾಗಿ ಇರುವುದು ವಯೊಲಿನ್, ಅದಕ್ಕಿಂತ ತುಸು ದೊಡ್ಡ ವಿಯೋಲಾ, ಇನ್ನೂ ದೊಡ್ಡದಾದ, ತಗ್ಗು ದನಿಯ ಚೆಲ್ಲೊ. ವಯೊಲಿನ್ ಸುಮಾರು 196 ಹರ್ಟ್ಸ್‌ಗಿಂತ (ಸೆಕೆಂಡಿಗೆ ಇಷ್ಟು ಕಂಪನ; ಕಡಿಮೆಯಾದಷ್ಟೂ ದನಿ ತಗ್ಗು) ಕೆಳಗೆ ಇಳಿಯದು. ಚೆಲ್ಲೊ 65ರ ತನಕ ಹೋಗುತ್ತದೆ. ಕಮಾನು ಬದಿಗಿಟ್ಟು ಬೆರಳಿಂದ ಮೀಟಿದರೆ ಜಾಜ್‌ನ ನಡೆ ಕೊಡುವುದೂ ಅದೇ.

ಇನ್ನು ಅಂಕಿ. ವಿಜಯಪುರದ ದಿನದಿನದ ಉಷ್ಣಾಂಶವನ್ನೇ ಸ್ವರದ ಎತ್ತರವಾಗಿ ಹಾಕಿದರೆ ಸ್ವರ ಕಪ್ಪೆಯಂತೆ ಕುಪ್ಪಳಿಸುತ್ತದೆ, ಏರಿಕೆ ಕಿವಿಗೆ ಬೀಳುವುದೇ ಇಲ್ಲ. ವಾರ್ಷಿಕ ಸರಾಸರಿ ಬೇಕು. ಒಂದು ಡಿಗ್ರಿಗೆ ಅರ್ಧಸ್ವರ (ಸ್ಥಾಯಿಯ ಹನ್ನೆರಡರಲ್ಲಿ ಒಂದು ಮೆಟ್ಟಿಲು) ಕೊಟ್ಟರೆ, ಉದಾಹರಣೆಗೆ 1.2 ಡಿಗ್ರಿಯ ಏರಿಕೆ ಷಡ್ಜದಿಂದ ಕೋಮಲ ರಿಷಭಕ್ಕೇ ಮುಗಿಯಿತು, 0.1 ಡಿಗ್ರಿಗೆ ಕೊಟ್ಟರೆ ಮೇಲಿನ ಸ್ಥಾಯಿಯ ತಾರ ಷಡ್ಜವನ್ನೇ ಮುಟ್ಟುತ್ತದೆ. ಈ ಅಳತೆ ಆರಿಸುವವರು ಸಂಯೋಜಕರು, ಕಂಪ್ಯೂಟರ್ ಅಲ್ಲ.